ಸದ್ದಿನ ವೈದ್ಯರು ಹೆಣೆದ ಬಲೆ

ಅಂಗಡಿ ತೆರೆಯಬೇಕೆನ್ನುವವನಿಗೆ ಮೊದಲು ಸರಕು ಬೇಕು. ಕಾರ್ಖಾನೆ ಹೂಡುವವನಿಗೆ ಯಂತ್ರ ಬೇಕು, ಆಳು ಬೇಕು, ಕಚ್ಚಾ ಸಾಮಗ್ರಿ ಬೇಕು. ಇವು ಯಾವುವೂ ಇಲ್ಲದೆ ತಿಳಿವಳಿಕೆಯೊಂದನ್ನೇ ಬಂಡವಾಳವಾಗಿ ಇಟ್ಟುಕೊಂಡು ನಡೆಯುವ ವ್ಯಾಪಾರವೂ ಉಂಟು. ವೈದ್ಯನೂ ವಕೀಲನೂ ಬಹುಕಾಲದಿಂದ ನಡೆಸಿಕೊಂಡು ಬಂದಿರುವುದು ಇದನ್ನೇ. ವಿಜ್ಞಾನಿಗಳೂ ಯಂತ್ರಶಿಲ್ಪಿಗಳೂ ಅದೇ ದಾರಿಯನ್ನು ಹಿಡಿದು, ಕಟ್ಟಡ ಕಟ್ಟುವವರಿಗೋ ವಿಮಾನ ಹಾರಿಸುವವರಿಗೋ ಸರಕಾರಕ್ಕೋ ತೊಡಕೊಂದು ಎದುರಾದಾಗ ಅದನ್ನು ಪರೀಕ್ಷಿಸಿ ಪರಿಹಾರ ಹೇಳಿ ಸಂಭಾವನೆ ಪಡೆದರೆ, ಅದು ತಾಂತ್ರಿಕ ಸಲಹಾ ಸಂಸ್ಥೆ ಎನಿಸಿಕೊಳ್ಳುತ್ತದೆ.

ಇಂಥ ಸಂಸ್ಥೆಯೊಂದು ಹೇಗೆ ಹುಟ್ಟುತ್ತದೆ, ಬೆಳೆಯುತ್ತ ಬೆಳೆಯುತ್ತ ತಾನು ಹುಟ್ಟಿದ ಶಾಸ್ತ್ರವನ್ನೇ ದಾಟಿ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದಕ್ಕೆ ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಕೇಂಬ್ರಿಜ್ ಪಟ್ಟಣದಲ್ಲಿ 1948ರಲ್ಲಿ ಆರಂಭವಾದ ‘ಬೋಲ್ಟ್ ಬೆರಾನೆಕ್ ಅಂಡ್ ನ್ಯೂಮನ್’ ಸಂಸ್ಥೆಯ ಕಥೆಗಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಸಭಾಂಗಣದ ಕೊನೆಯ ಸಾಲಿನವನಿಗೂ ಮಾತು ಸ್ಪಷ್ಟವಾಗಿ ಕೇಳಿಸುವಂತೆ ಮಾಡುವುದು ಹೇಗೆ ಎಂಬ ಪ್ರಶ್ನೆಯೊಂದಿಗೆ ಹೊರಟ ಈ ಸಂಸ್ಥೆಯು ಇಪ್ಪತ್ತೊಂದು ವರ್ಷಗಳ ಬಳಿಕ, ಇಂದು ಲೋಕವನ್ನೆಲ್ಲ ಸುತ್ತಿಕೊಂಡಿರುವ ಅಂತರ್ಜಾಲದ ಮೊದಲ ಗಂಟುಗಳನ್ನು ಕಟ್ಟಿತು. ಸದ್ದಿಗೂ ಗಣಕಯಂತ್ರಗಳ ಬಲೆಗೂ ಏನು ಸಂಬಂಧ? ಸಂಬಂಧವಿದೆ, ಅದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಕಥೆಯ ನಾಯಕ ಲಿಯೋ ಬೆರಾನೆಕ್. 1914ರಲ್ಲಿ ಅಯೋವಾ ಪ್ರಾಂತದ ಸೋಲನ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದವನು. ರೇಡಿಯೋ ದುರಸ್ತಿ ಮಾಡಿ ಕಾಲೇಜಿನ ಖರ್ಚನ್ನು ಒದಗಿಸಿಕೊಂಡವನು. 1935ರ ಬೇಸಿಗೆಯಲ್ಲಿ ಒಂದು ದಿನ ಈ ತರುಣನು ಮೌಂಟ್ ವೆರ್ನನ್ ಪಟ್ಟಣದ ಬೀದಿಯಲ್ಲಿ ಹೋಗುತ್ತಿದ್ದಾಗ, ಚಕ್ರದ ಗಾಳಿ ಇಳಿದು ನಿಂತ ಮೋಟಾರು ಗಾಡಿಯೊಂದನ್ನು ಕಂಡು, ಅದರ ಒಡೆಯನಿಗೆ ಚಕ್ರ ಬದಲಿಸಲು ನೆರವಾದನು. ಆ ಅಪರಿಚಿತನು ಗ್ಲೆನ್ ಬ್ರೌನಿಂಗ್ ಎಂಬ ಹೆಸರಾಂತ ರೇಡಿಯೋ ತಜ್ಞ. ಮಾತಿಗೆ ಮಾತು ಬೆಳೆದು, ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಅರ್ಜಿ ಹಾಕುವಂತೆ ಬ್ರೌನಿಂಗನು ಹುಡುಗನಿಗೆ ಬುದ್ಧಿ ಹೇಳಿದನು. ಅರ್ಜಿ ಹೋಯಿತು, ವಿದ್ಯಾರ್ಥಿವೇತನ ಬಂತು. ಯುದ್ಧಕಾಲದಲ್ಲಿ ಬೆರಾನೆಕನು ಅದೇ ವಿಶ್ವವಿದ್ಯಾನಿಲಯದಲ್ಲಿ ಧ್ವನಿಸಂಶೋಧನಾಲಯದ ಮುಖ್ಯಸ್ಥನಾಗಿದ್ದನು. ಗೋಡೆ, ಮಾಡು, ನೆಲಗಳಿಗೆಲ್ಲ ಗಾಜಿನ ನಾರಿನ ಸಾವಿರಾರು ಬೆಣೆಗಳನ್ನು ಹೊದಿಸಿ, ಆಡಿದ ಮಾತು ಎಲ್ಲಿಂದಲೂ ಮರಳಿ ಬಾರದಂಥ ನಿಶ್ಶಬ್ದದ ಕೋಣೆಯೊಂದನ್ನು ಆತ ಅಲ್ಲಿ ಕಟ್ಟಿಸಿದ್ದನು. ಯುದ್ಧ ಮುಗಿದ ಮೇಲೆ ನೆರೆಯ ಎಂ.ಐ.ಟಿ. ತಾಂತ್ರಿಕ ವಿದ್ಯಾಲಯಕ್ಕೆ ಪ್ರಾಧ್ಯಾಪಕನಾಗಿ ಬಂದನು. ಅಲ್ಲಿನ ಧ್ವನಿಶಾಸ್ತ್ರ ಪ್ರಯೋಗಾಲಯದ ನಿರ್ದೇಶಕನೇ ರಿಚರ್ಡ್ ಬೋಲ್ಟ್.

1948ರಲ್ಲಿ ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಗೆ ಶಾಶ್ವತ ಕಟ್ಟಡಗಳನ್ನು ಕಟ್ಟುವ ಸನ್ನಾಹ ನಡೆದಿತ್ತು. ಮಹಾಸಭೆಯ ಅಂಗಣದಲ್ಲಿ ಧ್ವನಿಯ ಏರ್ಪಾಡಿಗೆ ಸಲಹೆ ಕೊಡಬಲ್ಲವರು ಯಾರೆಂದು ವಾಸ್ತುಶಿಲ್ಪಿಗಳು ಎಂ.ಐ.ಟಿ.ಯನ್ನು ಕೇಳಿದರು, ಕೆಲಸ ಬೋಲ್ಟನ ಪಾಲಿಗೆ ಬಂತು. ನಕ್ಷೆಗಳ ಸುರುಳಿಯನ್ನು ಬಿಡಿಸಿ ನೋಡಿದಾಗ, ಇದು ಒಬ್ಬನಿಂದ ಆಗುವ ಕೆಲಸವಲ್ಲವೆಂಬುದು ಅವನಿಗೆ ತಿಳಿಯಿತು. ಬೆರಾನೆಕನನ್ನು ಪಾಲುದಾರನಾಗಲು ಕರೆದನು. ಎಂ.ಐ.ಟಿ.ಯಲ್ಲೇ ಎರಡು ಕೋಣೆಗಳನ್ನು ಬಾಡಿಗೆಗೆ ಪಡೆದು ಇಬ್ಬರೂ ಕೆಲಸ ಮೊದಲುಮಾಡಿದರು. ಬೋಲ್ಟನ ಶಿಷ್ಯನೂ ವಾಸ್ತುಶಿಲ್ಪಿಯೂ ಆಗಿದ್ದ ರಾಬರ್ಟ್ ನ್ಯೂಮನ್ 1950ರಲ್ಲಿ ಸೇರಿಕೊಂಡ ಮೇಲೆ ಸಂಸ್ಥೆಗೆ ಮೂವರ ಹೆಸರೂ ಕೂಡಿ ಬಂತು. ನಾವು ಅದನ್ನು ಬಿ.ಬಿ.ಎನ್. ಎಂದು ಕರೆಯೋಣ.

ಅಳೆಯುವ ಕಿವಿ

ದೊಡ್ಡ ಅಂಗಣದಲ್ಲಿ ಮಾತು ಏಕೆ ಕಲಸಿಹೋಗುತ್ತದೆ? ಬಿಜಾಪುರದ ಗೋಲಗುಮ್ಮಟದಲ್ಲಿ ಚಪ್ಪಾಳೆ ತಟ್ಟಿ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಾಯಿಂದ ಹೊರಟ ಸದ್ದು ನೇರವಾಗಿ ಕಿವಿಗೆ ಬರುವುದಲ್ಲದೆ, ಗೋಡೆಗೂ ಮಾಡಿಗೂ ತಗಲಿ ತಗಲಿ ಮತ್ತೆ ಮತ್ತೆ ಬರುತ್ತದೆ. ಹೀಗೆ ಸದ್ದು ಉಳಿದು ಮೆಲ್ಲಮೆಲ್ಲನೆ ಅಡಗುವುದಕ್ಕೆ ಅನುರಣನವೆಂದು ಹೆಸರು. ಹಾರ್ವರ್ಡಿನ ವ್ಯಾಲೇಸ್ ಸಬೈನನು 1895ರಿಂದ ಹಲವು ವರ್ಷಗಳ ಕಾಲ ರಾತ್ರಿಯ ಹೊತ್ತಿನಲ್ಲಿ, ನಾಟಕಶಾಲೆಯ ಮೆತ್ತೆಗಳನ್ನು ಹೊತ್ತು ತಂದು ಉಪನ್ಯಾಸದ ಕೋಣೆಯಲ್ಲಿ ಹರಡಿ, ಕೊಳವೆಯ ಸ್ವರ ಅಡಗಲು ಎಷ್ಟು ಹೊತ್ತು ಹಿಡಿಯುವುದೆಂದು ಅಳೆದು, ಸರಳವಾದ ಸೂತ್ರವೊಂದನ್ನು ಕಂಡುಹಿಡಿದನು: ಕೋಣೆಯ ಗಾತ್ರ ಹೆಚ್ಚಿದಷ್ಟೂ ಅನುರಣನ ಹೆಚ್ಚು, ಸದ್ದನ್ನು ಹೀರುವ ವಸ್ತುಗಳು ಹೆಚ್ಚಿದಷ್ಟೂ ಕಡಿಮೆ. ಮಾತಿಗೆ ಒಂದು ಸೆಕೆಂಡಿನಷ್ಟು ಅನುರಣನ ಹಿತ. ವಾದ್ಯವೃಂದಕ್ಕೆ ಎರಡು ಸೆಕೆಂಡಿನಷ್ಟು ಬೇಕು. ಸಬೈನನ ಈ ಸೂತ್ರವೇ ಬಿ.ಬಿ.ಎನ್.ನ ಮೊದಲ ಬಂಡವಾಳ.

ಮಹಾಸಭೆಯ ಕೆಲಸ ನಡೆಯುತ್ತಿರುವಾಗಲೇ ಬೇರೆ ಬೇರೆ ಕಡೆಗಳಿಂದ ಕರೆ ಬರತೊಡಗಿತು. ಕ್ಲೀವ್‌ಲೆಂಡಿನಲ್ಲಿ ಸರಕಾರದ ವಿಮಾನ ಸಂಶೋಧನಾಲಯವು, ಸದ್ದಿಗಿಂತ ವೇಗವಾಗಿ ಗಾಳಿಯನ್ನು ಹಾಯಿಸುವ ಸುರಂಗವೊಂದನ್ನು ಕಟ್ಟಿ ನಡೆಸತೊಡಗಿದಾಗ, ಅದರ ಗರ್ಜನೆಗೆ ಸುತ್ತಣ ಮೈಲುಗಟ್ಟಲೆ ದೂರದ ಜನ ರೋಸಿಹೋದರು. ಮೋಟಾರು ಗಾಡಿಯ ಹೊಗೆಕೊಳವೆಗೆ ಹಾಕುವಂಥ ಸದ್ದಡಗಿಸುವ ಸಾಧನವನ್ನು ಇದಕ್ಕೂ ಹಾಕಬಾರದೇಕೆ? ಹಾಕಬಹುದು. ಆದರೆ ಲೆಕ್ಕ ಮಾಡಿ ನೋಡಿರಿ: ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರು. ಸೆಕೆಂಡಿಗೆ ಸಾವಿರ ಸಲ ಕಂಪಿಸುವ ಸ್ವರದ ಅಲೆಯ ಉದ್ದ 34 ಸೆಂಟಿಮೀಟರು ಮಾತ್ರ; ಇಪ್ಪತ್ತು ಸಲ ಕಂಪಿಸುವ ತಗ್ಗು ಗರ್ಜನೆಯ ಅಲೆಯ ಉದ್ದವೋ 17 ಮೀಟರು! ಇಂಥ ಅಲೆಯನ್ನು ಹಿಡಿದು ಅಡಗಿಸುವ ಸಾಧನವು ಕಟ್ಟಡದಷ್ಟೇ ದೊಡ್ಡದಾಗಿರಬೇಕು. ಬಿ.ಬಿ.ಎನ್. ರೂಪಿಸಿದ್ದೂ ಅಂಥದನ್ನೇ. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ದೊಡ್ಡ ಸದ್ದಡಗಿಸುವ ಸಾಧನವದು. ನೆರೆಹೊರೆಯವರಿಗೆ ನಿದ್ದೆ ಬಂತು. ಸಂಸ್ಥೆಗೆ ಹೆಸರು ಬಂತು.

ಇಷ್ಟರ ತನಕ ಇದು ಭೌತಶಾಸ್ತ್ರದ ಮಾತು. ಸಂಸ್ಥೆಯ ಜಾಡನ್ನು ಬದಲಿಸಿದ್ದು ಜೆಟ್ ವಿಮಾನ.

1958ರಲ್ಲಿ ಬೋಯಿಂಗ್ 707 ವಿಮಾನಗಳು ಪ್ರಯಾಣಿಕರನ್ನು ಹೊತ್ತು ಹಾರಲು ಸಿದ್ಧವಾದುವು. ಡೆಸಿಬೆಲ್ಲುಗಳಲ್ಲಿ ಅಳೆದರೆ ಇವುಗಳ ಸದ್ದು ಹಳೆಯ ಪಂಕದ ವಿಮಾನಗಳ ಸದ್ದಿಗಿಂತ ಹೇಳಿಕೊಳ್ಳುವಷ್ಟೇನೂ ಹೆಚ್ಚಲ್ಲವೆಂದು ವಿಮಾನ ಕಟ್ಟಿದವರು ವಾದಿಸಿದರು. ಆದರೆ ವಿಮಾನ ನಿಲ್ದಾಣದ ಅಧಿಕಾರಿಗಳಿಗೆ ಅಳುಕು, ಬಿ.ಬಿ.ಎನ್.ನ ಸಲಹೆ ಕೇಳಿದರು. ಸಂಸ್ಥೆಯ ಮನಶ್ಶಾಸ್ತ್ರಜ್ಞ ಕಾರ್ಲ್ ಕ್ರೈಟರನು ಮಾಪಕವನ್ನು ಬದಿಗಿಟ್ಟು ಮನುಷ್ಯರನ್ನೇ ಮಾಪಕ ಮಾಡಿಕೊಂಡನು. ಎರಡು ಬಗೆಯ ಸದ್ದನ್ನೂ ಜನರಿಗೆ ಕೇಳಿಸಿ, ಯಾವುದು ಎಷ್ಟು ಅಸಹ್ಯವೆನಿಸುವುದೆಂದು ವಿಚಾರಿಸಿದನು. ಜೆಟ್ಟಿನ ಸದ್ದಿನಲ್ಲಿ ಎತ್ತರದ ಸ್ವರಗಳು ಹೆಚ್ಚು. ಮಾಪಕಕ್ಕೆ ಎಲ್ಲ ಸ್ವರಗಳೂ ಒಂದೇ, ಕಿವಿಗೆ ಮಾತ್ರ ಎತ್ತರದ ಸ್ವರಗಳು ಚುಚ್ಚುತ್ತವೆ. ಮಾಪಕವು ಸಮವೆಂದದ್ದನ್ನು ಕಿವಿಯು ಬಹು ಹೆಚ್ಚೆಂದು ತೀರ್ಮಾನಿಸಿತು. ಈ ಪ್ರಯೋಗಗಳಿಂದ ‘ಕೇಳುವವನಿಗೆ ತೋರುವ ಸದ್ದಿ’ನ ಹೊಸ ಮಾನವೊಂದು ಹುಟ್ಟಿತು. ನ್ಯೂಯಾರ್ಕಿನ ಅಧಿಕಾರಿಗಳು ಆ ಮಾನದಲ್ಲಿ 112ನ್ನು ಮಿತಿಯೆಂದು ಗೊತ್ತುಮಾಡಿ, ಎಂಜಿನ್ನುಗಳಿಗೆ ಸದ್ದಡಗಿಸುವ ಕೊಳವೆಗಳನ್ನು ಹಾಕಿದ ಹೊರತು ಹಾರಗೊಡೆವೆಂದು ಪಟ್ಟುಹಿಡಿದರು. ಇಂದು ಲೋಕದ ವಿಮಾನ ನಿಲ್ದಾಣಗಳಲ್ಲಿರುವ ಸದ್ದಿನ ಕಟ್ಟಳೆಗಳ ಮೂಲ ಇಲ್ಲಿದೆ.

ವಿದ್ಯಾರ್ಥಿಗಳು ಗಮನಿಸಬೇಕಾದ ತಿರುವು ಇದು. ಗೋಡೆಯನ್ನು ಅಳೆಯುತ್ತಿದ್ದವರು ಕಿವಿಯನ್ನು ಅಳೆಯತೊಡಗಿದರು. ಕಿವಿಯ ಹಿಂದೆ ಮಿದುಳಿದೆ. ಮಿದುಳನ್ನು ಕುರಿತು ಯೋಚಿಸುವವನು ಬೇಕಾಯಿತು. ಅಂಥವನೊಬ್ಬನು ಅದಾಗಲೇ, 1957ರಲ್ಲಿ, ಸಂಸ್ಥೆಗೆ ಬಂದು ಸೇರಿದ್ದನು.

ಗಿರಾಕಿಯಿಲ್ಲದ ಯಂತ್ರ

ಜೆ. ಸಿ. ಆರ್. ಲಿಕ್ಲೈಡರನು ಕೇಳುವಿಕೆಯ ಮನಶ್ಶಾಸ್ತ್ರದಲ್ಲಿ ಪಂಡಿತ. ಯುದ್ಧಕಾಲದಲ್ಲಿ ಹಾರ್ವರ್ಡಿನಲ್ಲಿದ್ದಾಗಲೇ ಬೆರಾನೆಕನಿಗೆ ಪರಿಚಿತ. ತಾನು ದಿನವೆಲ್ಲ ಮಾಡುವುದೇನೆಂದು ಒಮ್ಮೆ ಗಡಿಯಾರ ಹಿಡಿದು ಬರೆದಿಟ್ಟುಕೊಂಡ ಈತನಿಗೆ, ‘ಯೋಚನೆ’ ಎಂದು ಎಣಿಸಿಕೊಂಡಿದ್ದ ಹೊತ್ತಿನಲ್ಲಿ ನೂರಕ್ಕೆ ಎಂಬತ್ತೈದು ಭಾಗವು ಯೋಚನೆಗೆ ಅಣಿಯಾಗುವುದರಲ್ಲೇ — ಅಂಕಿಗಳನ್ನು ಹುಡುಕುವುದು, ಕೂಡುವುದು, ನಕ್ಷೆ ಬರೆಯುವುದು ಇವುಗಳಲ್ಲೇ — ಕಳೆದುಹೋಗುತ್ತಿದೆಯೆಂದು ತಿಳಿದುಬಂತು. ಈ ಗುಮಾಸ್ತೆಗಿರಿಯನ್ನು ಗಣಕಯಂತ್ರವು ವಹಿಸಿಕೊಂಡರೆ? ಸಂಸ್ಥೆಗೆ ಗಣಕಯಂತ್ರವೊಂದನ್ನು ಕೊಳ್ಳಬೇಕೆಂದು ಆತನು ಬೆರಾನೆಕನ ಮುಂದೆ ಬೇಡಿಕೆಯಿಟ್ಟನು. ಬೆಲೆ ಇಪ್ಪತ್ತೈದು ಮೂವತ್ತು ಸಾವಿರ ಡಾಲರು. ಅದರಿಂದ ಏನು ಕೆಲಸ ಮಾಡುವೆಯೆಂದರೆ ಲಿಕ್ಲೈಡರನ ಬಳಿ ನಿಶ್ಚಿತವಾದ ಉತ್ತರವಿರಲಿಲ್ಲ. ಮುಂದಿನ ಕಾಲದಲ್ಲಿ ಗಣ್ಯವಾದ ಸಂಸ್ಥೆಯೆನಿಸಬೇಕಾದರೆ ಗಣಕಗಳಿಲ್ಲದೆ ಆಗದು ಎಂಬ ನಂಬಿಕೆಯೊಂದೇ ಇತ್ತು. ಹಣ ಕೊಡುವ ಗಿರಾಕಿಯಂತೂ ಇರಲೇ ಇಲ್ಲ.

ಸಲಹಾ ಸಂಸ್ಥೆಯ ಆಯವ್ಯಯವನ್ನು ಬಲ್ಲವರಿಗೆ ಇದು ಎಂಥ ಧೈರ್ಯವೆಂಬುದು ಗೊತ್ತಾದೀತು. ಅದರ ಆದಾಯವೆಲ್ಲ ಗಂಟೆಗಳ ಲೆಕ್ಕ: ಇಷ್ಟು ಮಂದಿ, ಇಷ್ಟು ಗಂಟೆ, ಗಂಟೆಗೆ ಇಷ್ಟು ಸಂಭಾವನೆ. ಗಿರಾಕಿಗೆ ಮಾರದೆ ಹೋದ ಗಂಟೆ ಹಳಸಿದ ಅನ್ನದಂತೆ, ನಾಳೆಗೆ ಉಳಿಯುವುದಿಲ್ಲ. ಹೊಸದನ್ನು ಕಲಿಯಲು ಕಳೆದ ಗಂಟೆಗೆ ಸಂಭಾವನೆಯಿಲ್ಲ, ಕಲಿಯದಿದ್ದರೆ ಹತ್ತು ವರ್ಷಗಳಲ್ಲಿ ಮಾರಲು ಏನೂ ಉಳಿಯುವುದಿಲ್ಲ. ಬಹಳಷ್ಟು ಸಣ್ಣ ಸಂಸ್ಥೆಗಳು ಈ ಇಕ್ಕಟ್ಟಿನಲ್ಲೇ ಮುಗಿದುಹೋಗುತ್ತವೆ. ಬೆರಾನೆಕನು ಒಂದು ನಿಯಮವನ್ನು ಪಾಲಿಸುತ್ತಿದ್ದನು: ಹೊಸದಾಗಿ ಸೇರುವ ಪ್ರತಿಯೊಬ್ಬನೂ ಈಗಾಗಲೇ ಇರುವವರಿಗಿಂತ ಮೇಲಾಗಿರಬೇಕು. ಅಂಥವನನ್ನು ತಂದ ಮೇಲೆ ಅವನ ಮಾತನ್ನು ಕೇಳದಿದ್ದರೆ ತಂದೇನು ಫಲ? ಯಂತ್ರ ಬಂತು.

ಮೇಜಿನಷ್ಟು ದೊಡ್ಡದಾದ ಆ ರಾಯಲ್ ಮೆಕ್‌ಬೀ ಯಂತ್ರದಲ್ಲಿ, ಸುತ್ತುವ ಉರುಳೆಯೊಂದರ ಮೇಲೆ ನಾಲ್ಕು ಸಾವಿರ ಚಿಲ್ಲರೆ ಪದಗಳು ಮಾತ್ರ ಹಿಡಿಸುತ್ತಿದ್ದುವು. ಲಿಕ್ಲೈಡರನು ಅದರ ಮುಂದೆಯೇ ದಿನಗಳನ್ನು ಕಳೆದನು. ಅನತಿ ಕಾಲದಲ್ಲೇ, ಹಳೆಯ ಉಣ್ಣೆ ಗಿರಣಿಯೊಂದರಲ್ಲಿ ಬೀಡುಬಿಟ್ಟಿದ್ದ ಡಿಜಿಟಲ್ ಎಕ್ವಿಪ್‌ಮೆಂಟ್ ಎಂಬ ಹೊಸ ಕಂಪನಿ ಪಿ.ಡಿ.ಪಿ.-1 ಎಂಬ ಗಣಕವನ್ನು ರಚಿಸಿತು. ಸುಮಾರು ಒಂದೂವರೆ ಲಕ್ಷ ಡಾಲರಿನ ಆ ಯಂತ್ರವನ್ನು 1960ರಲ್ಲಿ ಮೊಟ್ಟಮೊದಲು ಕೊಂಡದ್ದೂ ಬಿ.ಬಿ.ಎನ್.ನವರೇ. ಅದೇ ವರ್ಷ ಮನುಷ್ಯನೂ ಗಣಕವೂ ಒಡನಾಡಿಗಳಾಗಿ ಕೆಲಸ ಮಾಡುವುದನ್ನು ಕುರಿತು ಲಿಕ್ಲೈಡರನು ಬರೆದ ಪ್ರಬಂಧವು ಪ್ರಕಟವಾಯಿತು. ಮರುವರ್ಷ ಸಂಸ್ಥೆಯು ಸಾರ್ವಜನಿಕರಿಗೆ ಷೇರುಗಳನ್ನು ಮಾರಿತು. ಯಂತ್ರಗಳಿಗೆ ಹಣ ಬೇಕಾಗಿತ್ತು.

ಇಷ್ಟು ಬೆಲೆಯ ಯಂತ್ರದ ಮುಂದೆ ಒಬ್ಬನೇ ಕುಳಿತು ಬೆರಳಚ್ಚು ಒತ್ತುತ್ತ ಯೋಚಿಸುತ್ತಿದ್ದರೆ ಯಂತ್ರವು ಹೊತ್ತಿನ ಬಹುಭಾಗ ಸುಮ್ಮನೆ ಕಾಯುತ್ತಿರುತ್ತದೆ. ಇದಕ್ಕೆ ಉಪಾಯವನ್ನು ನಮ್ಮ ಊಟದ ಪಂಕ್ತಿಯಲ್ಲಿ ಕಾಣಬಹುದು. ಬಡಿಸುವವನು ಒಬ್ಬ; ಉಣ್ಣುವವರು ಹತ್ತು ಮಂದಿ. ಬಡಿಸುವುದು ಬೇಗ, ಉಣ್ಣುವುದು ನಿಧಾನ. ಆದುದರಿಂದ ಅವನು ಒಬ್ಬರಾದ ಮೇಲೊಬ್ಬರಿಗೆ ಬಡಿಸುತ್ತ ಸುತ್ತಿ ಬಂದರೆ ಪ್ರತಿಯೊಬ್ಬನಿಗೂ ತನ್ನನ್ನೇ ನೋಡಿಕೊಳ್ಳುತ್ತಿರುವಂತೆ ತೋರುತ್ತದೆ. ಹೀಗೆ ಒಂದು ಗಣಕವನ್ನು ಹಲವರಿಗೆ ಹಂಚುವ ಏರ್ಪಾಡನ್ನು ಜಾನ್ ಮೆಕಾರ್ತಿ, ಎಡ್ವರ್ಡ್ ಫ್ರೆಡ್ಕಿನ್ ಮೊದಲಾದವರು ಬಿ.ಬಿ.ಎನ್.ನಲ್ಲಿ 1962ರಲ್ಲಿ ನಡೆಸಿ ತೋರಿಸಿದರು. ಬೋಸ್ಟನ್ನಿನ ದೊಡ್ಡ ಆಸ್ಪತ್ರೆಯೊಂದರ ದಾಖಲೆಗಳನ್ನು ಗಣಕಕ್ಕೆ ಏರಿಸುವ ಪ್ರಯತ್ನವೂ ನಡೆಯಿತು. ಸ್ವಲ್ಪ ಕಾಲದ ಮೇಲೆ, 1967ರಲ್ಲಿ, ಮಕ್ಕಳು ಗಣಕಕ್ಕೆ ಆಜ್ಞೆ ಕೊಡಲು ಕಲಿಯುವ ‘ಲೋಗೊ’ ಭಾಷೆಯೂ ಇಲ್ಲೇ ಹುಟ್ಟಿತು.

ಒಂದು ಸೋಲು

ಅದೇ 1962 ಬೆರಾನೆಕನ ಪಾಲಿಗೆ ಕಹಿಯಾದ ವರ್ಷ. ಸಂಗೀತಶಾಲೆಗಳಲ್ಲಿ ಕೆಲವು ಮಧುರ, ಕೆಲವು ನೀರಸ ಏಕೆಂಬುದನ್ನು ತಿಳಿಯಲು ಆತನು ನಾಡುನಾಡುಗಳನ್ನು ಸುತ್ತಿ, ಐವತ್ತನಾಲ್ಕು ಸಂಗೀತಶಾಲೆಗಳನ್ನು ಪರೀಕ್ಷಿಸಿ, ವಾದ್ಯಗೋಷ್ಠಿಯ ನಾಯಕರನ್ನೂ ವಿಮರ್ಶಕರನ್ನೂ ವಿಚಾರಿಸಿ, ಗ್ರಂಥವನ್ನೇ ಬರೆದಿದ್ದನು. ಆತನು ಕಂಡ ರಹಸ್ಯವಿಷ್ಟು: ನೇರವಾಗಿ ಬಂದ ಸದ್ದಿಗೂ ಗೋಡೆಗೆ ತಾಗಿ ಬಂದ ಮೊದಲ ಮರುಸದ್ದಿಗೂ ನಡುವಣ ಅಂತರವು ಸೆಕೆಂಡಿನ ಐವತ್ತನೆಯ ಒಂದು ಪಾಲನ್ನು ಮೀರಬಾರದು. ಎಂದರೆ ಮರುಸದ್ದಿನ ದಾರಿಯು ನೇರದಾರಿಗಿಂತ ಏಳು ಮೀಟರಿಗಿಂತ ಹೆಚ್ಚು ಉದ್ದವಾಗಿರಬಾರದು. ಪಕ್ಕದ ಗೋಡೆಗಳು ಹತ್ತಿರವಿರುವ ಇಕ್ಕಟ್ಟಾದ ಹಳೆಯ ಅಂಗಣಗಳ ಇಂಪಿಗೆ ಕಾರಣವಿದು.

ನ್ಯೂಯಾರ್ಕಿನ ಲಿಂಕನ್ ಸೆಂಟರಿನಲ್ಲಿ ಫಿಲ್‌ಹಾರ್ಮೊನಿಕ್ ಹಾಲ್ ಕಟ್ಟುವಾಗ ಬೆರಾನೆಕನು 2,400 ಆಸನಗಳ ಅಂಗಣವನ್ನು ಸೂಚಿಸಿದ್ದನು. ಆಸನಗಳು ಇನ್ನೂ ಹೆಚ್ಚಿರಬೇಕೆಂಬ ಕೂಗು ಪತ್ರಿಕೆಗಳಲ್ಲಿ ಎದ್ದಿತು. ಅಂಗಣವನ್ನು ಹಿಗ್ಗಿಸಿದರು; ಗೋಡೆಗಳು ಹೊರಕ್ಕೆ ಬಾಗಿದುವು; ಹಣದ ಅಭಾವದಿಂದ ಕೆಲವು ಏರ್ಪಾಡುಗಳನ್ನು ಕೈಬಿಟ್ಟರು. ಸೆಪ್ಟೆಂಬರಿನಲ್ಲಿ ಅಂಗಣ ತೆರೆಯಿತು. ತಗ್ಗು ಸ್ವರಗಳು ಕೇಳಿಸುವುದಿಲ್ಲವೆಂದೂ ಪ್ರತಿಧ್ವನಿ ಬರುವುದೆಂದೂ ವಿಮರ್ಶಕರು ಹರಿಹಾಯ್ದರು. ಬೈಗುಳವೆಲ್ಲ ಬಂದದ್ದು ಬೆರಾನೆಕನಿಗೆ. ತಿದ್ದುವುದಕ್ಕೆ ಬೇರೆ ತಜ್ಞರನ್ನು ಕರೆಸಿದರು.

ರೋಗಿಯು ಪಥ್ಯ ಮಾಡದಿದ್ದರೆ ವೈದ್ಯನ ತಪ್ಪೇ? ಅಲ್ಲವೆಂದು ಸುಲಭವಾಗಿ ಹೇಳಿಬಿಡಬಹುದು. ಆದರೆ ನನಗೆ ತೋರುವಂತೆ ಬೆರಾನೆಕನದೂ ಒಂದು ಪಾಲಿದೆ: ನಕ್ಷೆ ಬದಲಾದಾಗ ಹೆಸರನ್ನು ಹಿಂದಕ್ಕೆ ಪಡೆದು ಹೊರಬರುವ ಸ್ವಾತಂತ್ರ್ಯ ಸಲಹೆಗಾರನಿಗೆ ಇದ್ದೇ ಇರುತ್ತದೆ; ಆತನು ಬರಲಿಲ್ಲ. ಕಟ್ಟುವ ಅಧಿಕಾರ ತನ್ನದಲ್ಲದಿದ್ದರೂ ಕಟ್ಟಡದ ಅಪಕೀರ್ತಿ ತನ್ನದಾಗುವುದು ಈ ವೃತ್ತಿಯ ಒಳಗೇ ಇರುವ ಅಪಾಯ. ಮುಂದೆ ಬಿ.ಬಿ.ಎನ್. ದೊಡ್ಡ ಕೆಲಸವೊಂದನ್ನು ಹಿಡಿದಾಗ ಸಲಹೆಯನ್ನಷ್ಟೇ ಕೊಡದೆ ಯಂತ್ರವನ್ನೇ ರಚಿಸಿಕೊಟ್ಟಿತು.

ಗಂಟು ಕಟ್ಟಿದ ವರ್ಷ

1962ರ ಅಕ್ಟೋಬರಿನಲ್ಲಿ ಲಿಕ್ಲೈಡರನು ಸಂಸ್ಥೆಯನ್ನು ಬಿಟ್ಟು ಅಮೆರಿಕದ ರಕ್ಷಣಾ ಇಲಾಖೆಯ ‘ಆರ್ಪಾ’ ಎಂಬ ಸಂಶೋಧನಾ ಕಚೇರಿಗೆ ಹೋದನು. ದೂರದೂರದ ಗಣಕಗಳನ್ನು ಒಂದು ಬಲೆಯಾಗಿ ಕಟ್ಟುವ ಕನಸನ್ನು ಅಲ್ಲಿ ಬಿತ್ತಿದವನು ಆತನೇ. ಅವನ ಬಳಿಕ ಬಂದವರು ಅದನ್ನು ಕಾರ್ಯರೂಪಕ್ಕೆ ತರಲು ಹೊರಟು, 1968ರಲ್ಲಿ ಟೆಂಡರು ಕರೆದರು. ಸುಮಾರು 140 ಕಂಪನಿಗಳಿಗೆ ಕಾಗದ ಹೋಯಿತು. ಗಣಕಲೋಕದ ದೊರೆಯಾಗಿದ್ದ ಐ.ಬಿ.ಎಂ. ಟೆಂಡರನ್ನೇ ಸಲ್ಲಿಸಲಿಲ್ಲ. ಕೊನೆಯಲ್ಲಿ ಕಣದಲ್ಲಿ ಉಳಿದವು ಎರಡು: ಕ್ಷಿಪಣಿಗಳನ್ನು ತಯಾರಿಸುವ ದೊಡ್ಡ ಕಂಪನಿಯಾದ ರೇಥಿಯನ್, ಮತ್ತು ಬಿ.ಬಿ.ಎನ್. ಇನ್ನೂರು ಪುಟಗಳ ಯೋಜನೆಯನ್ನು ಸಿದ್ಧಪಡಿಸಲು ಬಿ.ಬಿ.ಎನ್. ಲಕ್ಷ ಡಾಲರಿಗೂ ಮಿಕ್ಕಿ ಸ್ವಂತ ಹಣವನ್ನು ಸುರಿದಿತ್ತು. ಕೆಲಸ ಸಿಗದಿದ್ದರೆ ಅಷ್ಟೂ ನಷ್ಟ. ವರ್ಷದ ಕೊನೆಯಲ್ಲಿ ತೀರ್ಪು ಬಂತು. ಸುಮಾರು ಹತ್ತು ಲಕ್ಷ ಡಾಲರಿನ ಗುತ್ತಿಗೆ ಸಿಕ್ಕಿದ್ದು ಬಿ.ಬಿ.ಎನ್.ಗೆ.

ಗಣಕಗಳನ್ನು ನೇರವಾಗಿ ಒಂದಕ್ಕೊಂದು ಜೋಡಿಸದೆ, ಪ್ರತಿಯೊಂದು ವಿಶ್ವವಿದ್ಯಾನಿಲಯದಲ್ಲೂ ಒಂದು ಸಣ್ಣ ಗಣಕವನ್ನು ಅಂಚೆ ಕಚೇರಿಯಂತೆ ಇಡಬೇಕೆಂಬುದು ಯೋಜನೆ. ಇದಕ್ಕೆ ‘ಇಂಟರ್‌ಫೇಸ್ ಮೆಸೇಜ್ ಪ್ರೊಸೆಸರ್’ ಎಂದು ನಾಮಕರಣವಾಯಿತು. ಕೆಲಸಗಾರರ ಬಾಯಲ್ಲಿ ‘ಇಂಪ್’. ಅದು ಕೆಲಸ ಮಾಡುವ ಬಗೆ ಹೀಗೆ. ಗೆಳೆಯನಿಗೆ ಉದ್ದವಾದ ಕಾಗದವೊಂದನ್ನು ಹತ್ತು ಅಂಚೆಕಾರ್ಡುಗಳಲ್ಲಿ ತುಂಡುತುಂಡಾಗಿ ಬರೆದು, ಪ್ರತಿಯೊಂದಕ್ಕೂ ವಿಳಾಸವನ್ನೂ ಕ್ರಮಸಂಖ್ಯೆಯನ್ನೂ ಹಾಕಿ ಕಳಿಸುತ್ತೀರೆನ್ನೋಣ. ಕಾರ್ಡುಗಳು ಬೇರೆ ಬೇರೆ ದಾರಿ ಹಿಡಿದು ಹೋಗಲಿ. ಮುಟ್ಟಿದಲ್ಲಿ ಸಂಖ್ಯೆ ನೋಡಿ ಜೋಡಿಸಿಕೊಂಡರಾಯಿತು. ಇಂಪ್ ಯಂತ್ರವು ಸುದ್ದಿಯನ್ನು ಸುಮಾರು ಸಾವಿರ ಬಿಟ್ಟುಗಳ ಪೊಟ್ಟಣಗಳಾಗಿ ಒಡೆದು, ದೂರವಾಣಿ ತಂತಿಯ ಮೇಲೆ ಸೆಕೆಂಡಿಗೆ ಐವತ್ತು ಸಾವಿರ ಬಿಟ್ಟುಗಳಂತೆ ಮುಂದಿನ ಇಂಪಿಗೆ ಸಾಗಿಸುವುದು. ಮುಟ್ಟಿತೆಂಬ ರಸೀದಿ ಬರುವ ತನಕ ಪ್ರತಿಯೊಂದನ್ನು ತನ್ನಲ್ಲೇ ಇಟ್ಟುಕೊಂಡಿರುವುದು. ರಸೀದಿ ಬಾರದಿದ್ದರೆ ಮತ್ತೆ ಕಳಿಸುವುದು. ಯಾವ ದಾರಿಯಲ್ಲಿ ದಟ್ಟಣೆ ಕಡಿಮೆಯೆಂದು ನೆರೆಯ ಇಂಪುಗಳು ಒಂದಕ್ಕೊಂದು ಸದಾ ತಿಳಿಸಿಕೊಳ್ಳುತ್ತಿರುವುವು. ಈ ಎಲ್ಲ ಜಾಣತನ ಅಡಗಿದ್ದುದು ಹನ್ನೆರಡು ಸಾವಿರ ಚಿಲ್ಲರೆ ಪದಗಳ ನೆನಪಿರುವ ಹನಿವೆಲ್ ಗಣಕವೊಂದರಲ್ಲಿ!

ತಂಡದ ನಾಯಕ ಫ್ರಾಂಕ್ ಹಾರ್ಟ್. ವಿದ್ಯಾರ್ಥಿಗಳಿರುವೆಡೆ ಯಂತ್ರಕ್ಕೆ ಕ್ಷೇಮವಿಲ್ಲವೆಂಬುದು ಇವನ ದೃಢನಂಬಿಕೆ. ಯುದ್ಧಭೂಮಿಗೆ ಯೋಗ್ಯವಾದ ಉಕ್ಕಿನ ಪೆಟ್ಟಿಗೆಯಲ್ಲಿ ಯಂತ್ರವನ್ನಿಟ್ಟನು. ಯಾರೂ ಮುಟ್ಟದೆಯೇ ತನ್ನಷ್ಟಕ್ಕೆ ನಡೆಯಬೇಕು, ನಿಂತರೆ ತಾನೇ ಮತ್ತೆ ಹೊರಡಬೇಕು, ಕೆಟ್ಟರೆ ಕೇಂಬ್ರಿಜ್ಜಿನಲ್ಲಿ ಕುಳಿತೇ ಕಾರಣವನ್ನು ಕಂಡುಹಿಡಿಯುವಂತಿರಬೇಕು ಎಂದು ಹಟಹಿಡಿದನು. ವಿಲ್ ಕ್ರೌದರ್, ಸೆವೆರೊ ಆರ್ನ್‌ಸ್ಟೀನ್, ಡೇವ್ ವಾಲ್ಡೆನ್, ಬರ್ನಿ ಕೋಸೆಲ್, ರಾಬರ್ಟ್ ಕಾಹ್ನ್ ಮೊದಲಾದ ಬೆರಳೆಣಿಕೆಯ ಮಂದಿ ಎಂಟೇ ತಿಂಗಳಲ್ಲಿ ಇದನ್ನು ಸಾಧಿಸಿದರು. ಗುತ್ತಿಗೆ ಸಿಕ್ಕಿದಾಗ ಸೆನೆಟರ್ ಎಡ್ವರ್ಡ್ ಕೆನಡಿಯ ಕಚೇರಿಯಿಂದ ಬಂದ ಅಭಿನಂದನೆಯ ತಂತಿಯಲ್ಲಿ ‘ಇಂಟರ್‌ಫೇಸ್’ ಎಂಬುದು ‘ಇಂಟರ್‌ಫೇತ್’ ಆಗಿ, ಸರ್ವಧರ್ಮ ಸಮನ್ವಯದ ಯಂತ್ರವನ್ನು ರಚಿಸಲಿದ್ದೀರೆಂದು ಹೊಗಳಲಾಗಿತ್ತೆಂಬ ಕಥೆಯನ್ನು ಸಂಸ್ಥೆಯವರು ಬಹುಕಾಲ ಹೇಳಿಕೊಂಡು ನಗುತ್ತಿದ್ದರು.

ಮೊದಲ ಇಂಪ್ 1969ರ ಆಗಸ್ಟ್ ಕೊನೆಯಲ್ಲಿ, ಹೇಳಿದ ಗಡುವಿಗೆ ಸರಿಯಾಗಿ, ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯವನ್ನು ಮುಟ್ಟಿತು. ಎರಡನೆಯದು ಸ್ಟ್ಯಾನ್‌ಫರ್ಡ್ ಸಂಶೋಧನಾಲಯಕ್ಕೆ ಹೋಯಿತು. ಅಕ್ಟೋಬರ್ 29ರಂದು ಲಾಸ್ ಏಂಜಲೀಸಿನಿಂದ ‘ಲಾಗಿನ್’ ಎಂಬ ಶಬ್ದವನ್ನು ಕಳಿಸಹೊರಟಾಗ ‘ಎಲ್’, ‘ಓ’ ಎಂಬ ಎರಡಕ್ಷರ ಮುಟ್ಟುವಷ್ಟರಲ್ಲಿ ಆಚೆಯ ಗಣಕ ಕುಸಿಯಿತು. ಸ್ವಲ್ಪ ಹೊತ್ತಿನ ಬಳಿಕ ಮತ್ತೆ ಪ್ರಯತ್ನಿಸಿದಾಗ ಪೂರ್ಣ ಶಬ್ದ ದಾಟಿತು. ವರ್ಷ ಮುಗಿಯುವುದರೊಳಗೆ ಬಲೆಗೆ ನಾಲ್ಕು ಗಂಟುಗಳಾದುವು.

ಹಾರ್ಟನ ಹಟದ ಫಲ ಕಂಡುಬಂದದ್ದು ಮರುವರ್ಷ. ಬಿ.ಬಿ.ಎನ್.ನಲ್ಲೇ ಒಂದು ಇಂಪ್ ಸ್ಥಾಪಿತವಾದ ಮೇಲೆ, ಮೂರು ಸಾವಿರ ಮೈಲು ಆಚೆಯ ಕ್ಯಾಲಿಫೋರ್ನಿಯದ ತಂತಿ ಕೆಡುತ್ತಿದೆಯೆಂಬುದು ಕೇಂಬ್ರಿಜ್ಜಿನಲ್ಲಿ ಕುಳಿತವರಿಗೆ ತಿಳಿಯತೊಡಗಿತು. ಅವರು ದೂರವಾಣಿ ಕಂಪನಿಗೆ ಕರೆಮಾಡಿ, ನಿಮ್ಮ ಇಂಥ ತಂತಿಯಲ್ಲಿ ದೋಷವಿದೆಯೆಂದು ಹೇಳುವರು. ಆ ಕಂಪನಿಯವರಿಗೆ ಅದು ಇನ್ನೂ ಗೊತ್ತಿರುತ್ತಿರಲಿಲ್ಲ! ಸದ್ದಿನಲ್ಲಿ ದೋಷವನ್ನು ಕಂಡುಹಿಡಿಯುತ್ತಿದ್ದ ವೈದ್ಯರು ಈಗ ದೇಶದುದ್ದದ ಬಲೆಯ ನಾಡಿಯನ್ನು ಹಿಡಿದು ನೋಡತೊಡಗಿದ್ದರು. ಅಲ್ಲಿನ ರೇ ಟಾಮ್ಲಿನ್ಸನ್ 1971ರಲ್ಲಿ ಒಂದು ಗಣಕದಿಂದ ಇನ್ನೊಂದಕ್ಕೆ ಓಲೆ ಕಳಿಸುವ ಕ್ರಮವನ್ನು ರಚಿಸಿ, ಹೆಸರಿಗೂ ಗಣಕಕ್ಕೂ ನಡುವೆ @ ಎಂಬ ಗುರುತನ್ನು ಇಟ್ಟನು. ಇದನ್ನು ಯಾರೂ ಅವನಿಗೆ ಹೇಳಿರಲಿಲ್ಲ. ಆ ಗಂಟೆಗಳಿಗೆ ಹಣ ಕೊಟ್ಟ ಗಿರಾಕಿಯೂ ಇರಲಿಲ್ಲ.

ಮಾರಲು ಬಾರದವರು

ಇಷ್ಟೆಲ್ಲ ಮಾಡಿದ ಸಂಸ್ಥೆ ಇಂದು ಮನೆಮಾತಾಗಿರಬೇಕಿತ್ತು. ಹಾಗಾಗಲಿಲ್ಲವೇಕೆ? ಸಲಹೆಗಾರನಿಗೆ ಹೊಸ ತೊಡಕು ಬೇಕು. ಬಿಡಿಸಿದ ತೊಡಕಿನಲ್ಲಿ ಅವನಿಗೆ ರುಚಿಯಿಲ್ಲ. ವ್ಯಾಪಾರಿಗೋ ಬಿಡಿಸಿದ್ದನ್ನೇ ಸಾವಿರ ಸಲ ಮಾರುವುದರಲ್ಲಿ ಲಾಭ. ಬಿ.ಬಿ.ಎನ್. ಎರಡನ್ನೂ ಒಂದೇ ಸೂರಿನಡಿ ನಡೆಸಲು ಯತ್ನಿಸಿತು. ಹಣ ತೆತ್ತ ಯಾರಾದರೂ ಬಳಸಬಹುದಾದ ‘ಟೆಲಿನೆಟ್’ ಎಂಬ ಬಲೆಯನ್ನು 1975ರಲ್ಲಿ ತೆರೆಯಿತು, 1979ರಲ್ಲಿ ಜಿ.ಟಿ.ಇ. ಕಂಪನಿಗೆ ಅದನ್ನು ಮಾರಿಬಿಟ್ಟಿತು. ಬಲೆಗೂ ಬಲೆಗೂ ಕೊಂಡಿ ಹಾಕುವ ಮೊದಲ ದ್ವಾರಯಂತ್ರದ ಆದೇಶಸರಣಿಯನ್ನು 1970ರ ದಶಕದ ನಡುವೆ ಬರೆದವಳು ಈ ಸಂಸ್ಥೆಯ ವರ್ಜಿನಿಯಾ ಸ್ಟ್ರಾಜಿಸಾರ್. ಆದರೆ ಅಂಥ ಯಂತ್ರಗಳನ್ನು, ಅಂದರೆ ಇಂದಿನ ರೂಟರುಗಳನ್ನು, ಮಾರಿ ಸಿರಿವಂತವಾದದ್ದು 1984ರಲ್ಲಿ ಹುಟ್ಟಿದ ಸಿಸ್ಕೋ. ಹದಿನೈದು ವರ್ಷ ಮುಂದಿದ್ದವರು ಹಿಂದೆ ಬಿದ್ದರು.

ಬೆರಾನೆಕನು 1970ರ ದಶಕದ ಆರಂಭದಲ್ಲೇ ಸಂಸ್ಥೆಯನ್ನು ಬಿಟ್ಟು ಬೋಸ್ಟನ್ನಿನ ದೂರದರ್ಶನ ಕೇಂದ್ರವೊಂದರ ಆಡಳಿತಕ್ಕೆ ಹೋಗಿದ್ದನು. ಧ್ವನಿಶಾಸ್ತ್ರದ ವಿಭಾಗವೇ ಕ್ರಮೇಣ ಬೇರ್ಪಟ್ಟು ‘ಅಸೆಂಟೆಕ್’ ಎಂಬ ಬೇರೆ ಸಲಹಾ ಸಂಸ್ಥೆಯಾಯಿತು. 1997ರಲ್ಲಿ ಜಿ.ಟಿ.ಇ. ಕಂಪನಿಯು ಬಿ.ಬಿ.ಎನ್.ಅನ್ನು ಕೊಂಡಿತು. ಅಂತರ್ಜಾಲ ಸೇವೆಯ ಭಾಗವನ್ನು ಪ್ರತ್ಯೇಕಿಸಿ ಕಟ್ಟಿದ ‘ಜೆನ್ಯುಯಿಟಿ’ 2002ರಲ್ಲಿ ದಿವಾಳಿಯೆದ್ದಿತು. ಸಂಶೋಧನೆಯ ಭಾಗ ಮಾತ್ರ ಉಳಿದು, 2004ರಲ್ಲಿ ಮತ್ತೆ ಸ್ವತಂತ್ರವಾಗಿ, ತನ್ನ ಹಳೆಯ ಸಲಹಾವೃತ್ತಿಗೇ ಮರಳಿತು. ಆ ದಿನಗಳಲ್ಲಿ ಅದು ಸೈನ್ಯಕ್ಕೆ ರಚಿಸಿಕೊಟ್ಟ ಒಂದು ಸಾಧನವಂತೂ ಕುತೂಹಲಕರ: ಗಾಡಿಯ ಮೇಲಿನ ಕಂಬಕ್ಕೆ ಕೆಲವು ಧ್ವನಿಗ್ರಾಹಕಗಳನ್ನು ಕಟ್ಟಿ, ಹಾರಿಬಂದ ಗುಂಡಿನ ಆಘಾತತರಂಗವೂ ಬಂದೂಕಿನ ಬಾಯಿಯ ಸದ್ದೂ ಒಂದೊಂದನ್ನು ಯಾವ ಕ್ಷಣಕ್ಕೆ ಮುಟ್ಟಿತೆಂಬುದನ್ನು ಗುಣಿಸಿ, ಗುಂಡು ಹಾರಿಸಿದವನು ಎಲ್ಲಿದ್ದಾನೆಂದು ಸೆಕೆಂಡಿನೊಳಗೆ ಹೇಳುವುದು. ಗಣಕದ ಕೆಲಸವೇ ಆದರೂ ಅದರ ಅಡಿಗಲ್ಲು ಸಬೈನನ ಮೆತ್ತೆಗಳ ಕಾಲದ ಕಿವಿ.

2009ರಲ್ಲಿ ಈ ಸಂಸ್ಥೆಯನ್ನು ಮೂವತ್ತೈದು ಕೋಟಿ ಡಾಲರು ಕೊಟ್ಟು ಕೊಂಡವರು ಯಾರು ಗೊತ್ತೆ? ರೇಥಿಯನ್ — ನಲವತ್ತೊಂದು ವರ್ಷಗಳ ಹಿಂದೆ ಇಂಪ್ ಗುತ್ತಿಗೆಗಾಗಿ ಪೈಪೋಟಿ ನಡೆಸಿ ಸೋತಿದ್ದ ಕಂಪನಿ.

ಬೆರಾನೆಕನು ಕೊನೆಗಾಲದಲ್ಲಿ ಮತ್ತೆ ಸಂಗೀತಶಾಲೆಗಳ ಅಭ್ಯಾಸಕ್ಕೆ ಹಿಂದಿರುಗಿ, ತೊಂಬತ್ತು ದಾಟಿದ ಮೇಲೂ ಗ್ರಂಥಗಳನ್ನು ಬರೆದು, 2016ರ ಅಕ್ಟೋಬರಿನಲ್ಲಿ 102ನೆಯ ವಯಸ್ಸಿನಲ್ಲಿ ತೀರಿಕೊಂಡನು. ಆತನಿಗೆ ಅಪಕೀರ್ತಿ ತಂದ ನ್ಯೂಯಾರ್ಕಿನ ಅಂಗಣವನ್ನು 1976ರಲ್ಲಿ ಒಳಗೆಲ್ಲ ಕೆಡವಿ ಕಟ್ಟಿದರೂ ದೂರು ನಿಲ್ಲಲಿಲ್ಲ. ಮತ್ತೆ ಕೆಡವಿ ಕಟ್ಟಿ 2022ರಲ್ಲಿ ತೆರೆದಾಗ ಅಲ್ಲಿದ್ದ ಆಸನಗಳು 2,200.